ಮೂರು ಪಟ್ಟಿಯ ಜಹೀರೋದ್ದೀನ ಚಾಚಾ

ಬೀದರಿನ ಚೌಬಾರಾದ ಹತ್ತಿರ ಮಿಕ್ಸರ್ ರಿಪೇರಿ ಮಾಡುವ ಜಹೀರೋದ್ದೀನ ಚಾಚಾರ ಅಂಗಡಿಗೆ ಅವಸರದವರು ಹೋಗಬಾರದು. ಕೆಟ್ಟ ಮಿಕ್ಸರನ್ನು ಪಕ್ಕಕ್ಕಿಟ್ಟು ಬಿಸ್ಕತ್ತಿನ ಡಬ್ಬಿ ತೆಗೆಯುತ್ತಾರೆ. ಅದರ ತುಂಬ ಹಳೆಯ ಸಿನಿಮಾ ರೀಲಿನ ತುಂಡುಗಳು. ಔರಾದಿನ ಟೂರಿಂಗ್ ಟಾಕೀಸಿನಲ್ಲಿ ವರ್ಷಗಟ್ಟಲೆ ಮಷೀನು ಓಡಿಸಿದವರು ಅವರು. ಟೆಂಟು ಎದ್ದು ಹೋಯಿತು, ಹುಚ್ಚು ಹೋಗಲಿಲ್ಲ.

“ಬಣ್ಣದ ಸಿನಿಮಾ ನಿನ್ನೆ ಮೊನ್ನೆ ಬಂತು ಅಂತೀರಿ. ಮೊದ್ಲು ಹೆಣ್ಮಕ್ಕಳು ಸಾಲಾಗಿ ಕುಂತು, ಉಗುರಿನಷ್ಟು ಚಿತ್ರಕ್ಕ ಕುಂಚದಿಂದ ಬಣ್ಣ ಹಚ್ತಿದ್ರು. ಆಮ್ಯಾಗ ಇಡೀ ರೀಲೇ ಬಣ್ಣದಾಗ ಅದ್ದಿದ್ರು, ರಾತ್ರಿಗಿ ನೀಲಿ, ಬೆಂಕಿಗಿ ಕೆಂಪು,” ಎಂದು ಶುರು ಮಾಡಿದರೆ ಗಿರಾಕಿಗೆ ಎರಡು ಚಹಾ ಗ್ಯಾರಂಟಿ. ಒಂದು ಕಾಲಕ್ಕೆ ನನಗೂ ಈ ಮಾತು ತಲೆನೋವೇ ಆಗಿತ್ತು, ಸುಳ್ಳೇಕೆ ಹೇಳಲಿ.

ಹೋದ ವರ್ಷ ಭಾಲ್ಕಿಯಿಂದ ನಮ್ಮ ಆಯಿಯ ತಗಡಿನ ಡಬ್ಬಿ ಹಿಡಿದು ಅವರಲ್ಲಿಗೆ ಹೋದೆ. ಆಯಿ ಎಂದರೆ ನನ್ನ ಅಜ್ಜಿ ಸುಭದ್ರಾಬಾಯಿ, ವಯಸ್ಸು ಎಂಬತ್ತೇಳು. ಅವಳು ಆರು ತಿಂಗಳ ಕೂಸಾಗಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ಒಂದು ಫೋಟೋ ಕೂಡ ಇಲ್ಲ. ಆ ತಾಯಿ ಬೀದರಿನಲ್ಲಿ ಒಬ್ಬ ಇಂಜಿನಿಯರ ಸಾಹೇಬರ ತೋಟಕ್ಕೆ ನೀರು ಹಾಕುತ್ತಿದ್ದಳಂತೆ. ಸಾಹೇಬರು ಶೋಕಿಗೆ ತೆಗೆದ ಸಿನಿಮಾದಲ್ಲಿ ಅವಳಿದ್ದ ಒಂದು ಸುರುಳಿಯನ್ನು ಅವಳು ಸತ್ತ ಮೇಲೆ ಮನೆಗೆ ಕೊಟ್ಟಿದ್ದರು; ಡಬ್ಬಿಯಲ್ಲಿದ್ದದ್ದು ಅದೇ. ಆಯಿಯನ್ನು ಸಾಕಿದ ಮುದುಕಿ ಹಳೆ ಸೀರೆಗಳನ್ನು ಕೂಡಿಸಿ ಕೌದಿ ಹೊಲಿದಳು, ಇದರಲ್ಲಿ ನಿನ್ನವ್ವನ ಸೀರೆಯೂ ಇದೆ ಎಂದಳು, ಯಾವ ತುಂಡೆಂದು ಹೇಳದೆ ಕಣ್ಣು ಮುಚ್ಚಿದಳು. ಆಯಿ ತಾನೇ ಒಂದು ನೀಲಿ ತುಂಡನ್ನು ತಾಯಿಯದೆಂದು ಆರಿಸಿಕೊಂಡು, ಅದಕ್ಕೆ ಕೆನ್ನೆಯಿಟ್ಟು ಮಲಗುತ್ತ ಬಂದಿದ್ದಳು. ಅದು ಹೌದೋ ಅಲ್ಲವೋ, ಸಾಯುವ ಮೊದಲು ಅವಳಿಗೆ ತಿಳಿಯಬೇಕಿತ್ತು.

ರೀಲು ನೋಡಿದರೆ ಶುದ್ಧ ಕಪ್ಪು-ಬಿಳುಪು. ನಾನು ಎದ್ದೆ. ಭೂತಗನ್ನಡಿ ಹಿಡಿದ ಚಾಚಾ ಬಿಡಲಿಲ್ಲ. “ಕುಂಡ್ರು ಅಶ್ವಜಿತ. ಮ್ಯಾಲ ಕೂದಲಿಗಿಂತ ಸಣ್ಣ ಗೆರಿ ಅವ ನೋಡು. ಬಣ್ಣ ಒಳಗದ. ತೆಗಿಯೋವಾಗ ಕ್ಯಾಮೆರಾದ ಕಣ್ಣಿಗಿ ಕೆಂಪು, ಹಸಿರು, ನೀಲಿ ಮೂರು ಪಟ್ಟಿ ಇಡ್ತಿದ್ರು. ತೋರ್ಸೋವಾಗೂ ಹಂಗೇ ಇಟ್ರ ಬಣ್ಣ ಹೊರಗ ಬರ್ತದ.”

ತೊಂಬತ್ತು ವರ್ಷದ ಹಿಂದೆ ಕೆಲವೇ ದಿನ ನಡೆದು ನಿಂತುಹೋದ ಪದ್ಧತಿಯಂತೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ಮನುಷ್ಯ ತನ್ನ ಉಸ್ತಾದರಿಂದ ಕೇಳಿದ್ದನ್ನು ನೆನಪಿಟ್ಟಿದ್ದರು! ನಾಟಕದ ದೀಪಕ್ಕೆ ಕಟ್ಟುವ ಬಣ್ಣದ ಹಾಳೆ ಕತ್ತರಿಸಿ, ಗುಜರಿಯ ಮಷೀನಿಗೆ ಜೋಡಿಸಲು ನಾಲ್ಕು ತಿಂಗಳು ಹೆಣಗಿದರು.

ಭಾಲ್ಕಿಯ ನಮ್ಮ ಮನೆಯಲ್ಲಿ ಮಟಮಟ ಮಧ್ಯಾಹ್ನ ಬಾಗಿಲು ಮುಚ್ಚಿ, ಗೋಡೆಗೆ ಬಿಳಿ ಚಾದರ ಕಟ್ಟಿದೆವು. ಮಷೀನು ತಿರುಗಿತು. ಹಸಿರು ಎಲೆಗಳ ನಡುವೆ ಕೊಡ ಹೊತ್ತ ಹೆಂಗಸೊಬ್ಬಳು ನಕ್ಕಳು. ಸೀರೆ ನೀಲಿ!

“ನಾ ಹೇಳಿದ್ದಿಲ್ಲೇನು!” ಎಂದು ಆಯಿ ಕೌದಿಯ ನೀಲಿ ತುಂಡನ್ನು ಎದೆಗೊತ್ತಿಕೊಂಡು ಅತ್ತಳು. ನಾನೂ ಅತ್ತೆ.

ಚಾಚಾ ಮಷೀನು ನಿಲ್ಲಿಸಿದರು. “ಮಾಫ್ ಮಾಡ್ರಿ ಆಯಿ, ಪಟ್ಟಿ ಉಲ್ಟಾ ಆಗ್ಯಾವ. ಹಸಿರು ನಡುವಿಂದು, ಹ್ಯಾಂಗಿಟ್ಟರೂ ಹಸಿರೇ, ಅದಕ್ಕ ಎಲಿ ನೋಡಿ ಮೋಸ ಹೋದೆ. ಆಕಿ ಕಾಲಬುಡದ ನೆಲ ನೋಡ್ರಿ. ನಮ್ಮ ಬೀದರಿನ ಮಣ್ಣು ನೀಲಿ ಇರ್ತದೇನ್ರಿ?”

ಬಿಡಿ ಎಂದು ನಾನು ಸನ್ನೆ ಮಾಡಿದೆ. ಮುದುಕಿಯ ಸಂತೋಷ ಕೆಡಿಸಿ ಏನು ಸಿಗಬೇಕು? ನನಗೆ ಸಿಟ್ಟೇ ಬಂತು.

“ಸುಳ್ಳ ತೋರ್ಸಿ ಹ್ಯಾಂಗ ಹೋಗ್ಲಿ ಬೇಟಾ?” ಎಂದು ಚಾಚಾ ಪಟ್ಟಿಗಳನ್ನು ತಿರುಗಿಸಿ ಹಾಕಿದರು. ನೆಲ ಕೆಂಪಾಯಿತು, ಮುಖಕ್ಕೆ ಜೀವದ ಬಣ್ಣ ಬಂತು. ಸೀರೆಯೂ ಕೆಂಪಾಯಿತು.

ಆಯಿ ನೀಲಿ ತುಂಡನ್ನು ಕೈಬಿಟ್ಟಳು. ಆಮೇಲೆ ಕೌದಿ ಹರವಿ ಹುಡುಕಿದಳು. ಕೆಂಪು ತುಂಡು ಇದ್ದದ್ದು ಒಂದೇ, ಕಾಲ ಕಡೆಯ ಅಂಚಿನಲ್ಲಿ, ಹಿಮ್ಮಡಿ ತಿಕ್ಕಿ ತಿಕ್ಕಿ ತೆಳ್ಳಗಾಗಿತ್ತು.

“ಯವ್ವಾ, ಇಷ್ಟು ವರ್ಷ ನಿನ್ನ ಮ್ಯಾಲ ಕಾಲಿಟ್ಟೆನಲ್ಲ,” ಎಂದಳು.

ಚಾಚಾ ರೀಲು ಸುತ್ತುತ್ತಿದ್ದರು. “ಕೂಸು ತಾಯಿ ಮ್ಯಾಲ ಕಾಲಿಡದ ಮತ್ಯಾರ ಮ್ಯಾಲ ಇಡ್ತದರಿ, ಆಯಿ?”

ಆಯಿ ಕಣ್ಣೊರೆಸಿಕೊಂಡು, ಕೆಂಪು ತುಂಡು ತಲೆಯ ಕಡೆ ಬರುವಂತೆ ಕೌದಿಯನ್ನು ತಿರುಗಿಸಿ ಹಾಸಿದಳು.