ಹಸಿರು ಸೀಮೆಸುಣ್ಣದ ಎಲುಬು

ಆ ದಿನ ತರಗತಿಯಲ್ಲಿ ನಾನು ಕೈ ಎತ್ತಿದ್ದೆನೋ ಇಲ್ಲವೋ, ಈಗ ಖಾತ್ರಿಯಿಲ್ಲ. ಎತ್ತಿದ್ದೆ ಎಂದು ನನ್ನ ನೆನಪು. ಯಾರೂ ಎತ್ತಲಿಲ್ಲ ಎನ್ನುತ್ತಾನೆ ಗೊಳಸಂಗಿ ಊರಿನ ನನ್ನ ಸಹಪಾಠಿ.

ಸಿಂದಗಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಮೇಡಂ, ಉತ್ತರದ ಯಾವುದೋ ಥಂಡಿ ದೇಶದಲ್ಲಿ ಸಮುದ್ರದ ತಳದ ಈಲ್‌ಪೌಟ್ ಮೀನುಗಳನ್ನು, ಅದರಲ್ಲೂ ಜೊಆರ್ಸಿಸ್ ಎಂಬ ಕುಲವನ್ನು ಅಭ್ಯಾಸ ಮಾಡಿ ಬಂದವರು. ಬೇಸಿಗೆಯಲ್ಲಿ ಪಾಠದ ನಡುವೆ ನೀರಿನ ಬಾಟಲಿಯನ್ನು ಕೆನ್ನೆಗೆ ಒತ್ತಿಕೊಂಡು, "ಇಷ್ಟು ಬಿಸಿ ನೀರಾಗ ನನ್ನ ಮೀನು ಬದುಕೂದಿಲ್ರೋ" ಎನ್ನುತ್ತಿದ್ದರು.

"ನಿಮ್ಮ ಮೀನು ಪರೀಕ್ಷಾದಾಗ ಬರ್ತೈತೇನ್ರಿ ಮೇಡಂ?"

"ಸಿಂದಗಿಗೇ ಬರೂದಿಲ್ಲೋ ತಮ್ಮಾ, ಪರೀಕ್ಷಾಕ್ಕ ಎಲ್ಲಿಂದ ಬರ್ತೈತಿ?"

ಒಮ್ಮೆ ಅವರು ಆ ಮೀನಿನ ಅಸ್ಥಿಪಂಜರವನ್ನು ಹಸಿರು ಸೀಮೆಸುಣ್ಣದಲ್ಲಿ ಬಿಡಿಸಿದ್ದರು. ಬಾಗಿಲಲ್ಲಿ ನಿಂತ ಪ್ರಾಂಶುಪಾಲರು ನಕ್ಕರು. "ಬಿಳಿ ಖಡು ಮುಗದಾವೇನ್ರಿ ಮೇಡಂ? ಎಲುಬು ಎಲ್ಯಾರ ಹಸರ ಇರ್ತಾವೇನ್ರಿ?"

"ಈ ಮೀನಿಂದು ಇರ್ತಾವ್ರಿ ಸರ್. ನಾನ ಕೊಯ್ದು ನೋಡೇನ್ರಿ."

ಇಡೀ ತರಗತಿ ಗೊಳ್ಳೆಂದಿತು. ಮೇಡಂ ನಮ್ಮತ್ತ ತಿರುಗಿದರು. "ಒಬ್ಬರರ ನಂಬ್ತೀರೇನೋ? ನಂಬಾವ್ರು ಕೈ ಎತ್ರಿ."

ಸ್ವಲ್ಪ ಹೊತ್ತು ಕಾದರು. ಆಮೇಲೆ ಡಸ್ಟರ್ ತೆಗೆದುಕೊಂಡು ಮೀನನ್ನು ಬಾಲದಿಂದ ತಲೆಯವರೆಗೆ ನಿಧಾನವಾಗಿ ಒರೆಸಿದರು. ಮುಂದೆ ಅವರ ಬಾಯಲ್ಲಿ "ನನ್ನ ಮೀನು" ಎಂಬ ಮಾತು ಕೇಳಿದ ನೆನಪಿಲ್ಲ.

ನನ್ನ ಕೈಯ ಸಂಗತಿ ತಿಳಿಯಲು ಈಗ ದಾರಿಯಿಲ್ಲ. ಮೀನಿನದನ್ನು ಮಾತ್ರ ಮೊನ್ನೆ ಹುಡುಕಿ ಓದಿದೆ. ಅದರ ಎಲುಬು ಹಸಿರೇ.