ಹಸೀನಾಬಿಯವರ ಹಿತ್ತಲಿನ ಕೊಳ

ಗದಗ ಹೊಸ ಜಿಲ್ಲೆಯಾಗಿ ನಾಲ್ಕು ವರ್ಷವಾಗಿತ್ತು. ನಾನಾಗ ಶಿರಹಟ್ಟಿ ತಾಲ್ಲೂಕಿನ ರಸ್ತೆ ಕಾಮಗಾರಿ ನೋಡಿಕೊಳ್ಳುವ ಕಿರಿಯ ಎಂಜಿನಿಯರ್. ಲಕ್ಷ್ಮೇಶ್ವರದಲ್ಲಿ ಬಾಡಿಗೆ ಮನೆ. ಪಕ್ಕದ ಮನೆಯ ಇಮಾಮಸಾಬರು ಪೇಟೆಯಲ್ಲಿ ಬಟ್ಟೆ ಅಂಗಡಿ ನಡೆಸುತ್ತಿದ್ದ ಅರವತ್ತರ ಹಿರಿಯರು.

ಅವರ ಹೆಂಡತಿ ಹಸೀನಾಬಿ ಮೆಟ್ಟಿಲಿಂದ ಬಿದ್ದು ಸೊಂಟದ ಎಲುಬು ಮುರಿದುಕೊಂಡಿದ್ದರು. ಎಲುಬು ಕೂಡಿತು, ಹೆದರಿಕೆ ಮಾತ್ರ ಹೋಗಲಿಲ್ಲ. ಏಳು ತಿಂಗಳಿಂದ ಕಾಲೂರಿರಲಿಲ್ಲ. ಎದೆಮಟ್ಟದ ನೀರಿನಲ್ಲಿ ನಡೆದರೆ ಮೈಭಾರ ಹಗುರಾಗಿ ಧೈರ್ಯ ಬರುತ್ತದೆ ಎಂದು ವೈದ್ಯರು ಹೇಳಿದಾಗ, ಮುಂಬೈಯಲ್ಲಿದ್ದ ಹಸೀನಾಬಿಯವರ ತಮ್ಮ ಒಂದು ಈಜುಕೊಳವನ್ನೇ ಕಳಿಸಿದ. ನೆಲ ತೋಡದೆ ಮೇಲೆಯೇ ನಿಲ್ಲಿಸುವಂಥದ್ದು: ಕಬ್ಬಿಣದ ಕಾಲು, ದಪ್ಪ ಪ್ಲಾಸ್ಟಿಕ್ ಹಾಳೆ, ದುಂಡನೆಯ ಆಕಾರ, ಹನ್ನೆರಡು ಅಡಿ ಅಗಲ, ನಾಲ್ಕು ಅಡಿ ಎತ್ತರ.

"ಇದನ್ನ ನಿಲ್ಲಿಸಿ ನೀರು ಬಿಟ್ರ ಆತಲ್ರಿ, ಸಾಹೇಬ್ರ?" ಎಂದರು ಇಮಾಮಸಾಬರು.

"ತುಂಬಿದ್ರ ಹನ್ನೆರಡು ಟನ್ ಭಾರ ಆಗತೈತ್ರಿ. ನೆಲ ಒಂದ್ ಕಡೆ ಕುಸಿದ್ರ ಹಾಳಿ ಹರದು, ಒಳಗಿದ್ದವರನ್ನೂ ನೀರು ಎಳಕೊಂಡು ಹೋಗತೈತಿ" ಎಂದೆ.

ಹಿತ್ತಲಿನದು ಎರೆ ಮಣ್ಣು. ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ರಜೆ ಹಾಕಿ, ಎರಡಡಿ ಮಣ್ಣು ತೆಗೆಸಿದೆ. ಸಣ್ಣ ಕಲ್ಲು ಬೆರೆತ ಗರಸು ಮಣ್ಣನ್ನು ಅರ್ಧರ್ಧ ಅಡಿ ಹರಡಿ, ನೀರು ಚಿಮುಕಿಸಿ, ದಿಮ್ಮಿಯಿಂದ ಬಡಿಸಿದೆ. ಪೈಪಿನಲ್ಲಿ ನೀರು ತುಂಬಿ ಮಟ್ಟ ನೋಡಿದರೆ ಕಾಲಿಂಚಿನ ವ್ಯತ್ಯಾಸವೂ ಇಲ್ಲ. ಮೇಲೆ ಎರಡಿಂಚು ಜರಡಿ ಹಿಡಿದ ಮರಳು. ಹೆಮ್ಮೆಯಿಂದಲೇ ನೀರು ಬಿಡಿಸಿದೆ.

ನೀರು ಎರಡಡಿ ಏರುವಷ್ಟರಲ್ಲಿ ಮೂಡಣ ಬದಿಯ ಕಾಲು ಎರಡಿಂಚು ಇಳಿಯಿತು. ಗಾಬರಿಯಿಂದ ಖಾಲಿ ಮಾಡಿಸಿದೆ. ಮರುವಾರ ಮತ್ತೆ ಬಡಿಸಿ ತುಂಬಿಸಿದರೆ, ಮತ್ತೆ ಅದೇ ಬದಿ ಇಳಿಯಿತು.

"ಬಿಡ್ರಿ, ನಮ್ಮ ನಸೀಬಿನ್ಯಾಗಿಲ್ಲ" ಎಂದು ಇಮಾಮಸಾಬರು ಮರಳಿನ ಮೇಲೇ ಕುಳಿತುಬಿಟ್ಟರು.

ಆಗ ಹಿತ್ತಲ ಬಾಗಿಲಲ್ಲಿ ಕುರ್ಚಿಯ ಮೇಲಿದ್ದ ಹಸೀನಾಬಿ ಮೆಲ್ಲಗೆ ಹೇಳಿದರು: "ಆ ಮೂಲ್ಯಾಗ ಹಗೇವು ಐತ್ರಿ."

ಹಗೇವು ಎಂದರೆ ಜೋಳ ಕೂಡಿಡಲು ನೆಲದೊಳಗೆ ತೋಡುತ್ತಿದ್ದ ಕಣಜ. ಅವರು ಮದುವೆಯಾಗಿ ಬಂದ ವರ್ಷ ಅತ್ತೆ ಅದರೊಳಗೆ ಬೂದಿ, ಹೊಟ್ಟು ತುಂಬಿಸಿ, ಮೇಲೆ ಮಣ್ಣು ಎಳೆಸಿದ್ದರಂತೆ. ನಾನು ತೆಗೆಸಿದ ಎರಡಡಿಗಿಂತ ಕೆಳಗೆ ಅದು ಸುಮ್ಮನೆ ಕೂತಿತ್ತು.

"ಮೊದ್ಲ ಹೇಳಬಾರದೇನ?" ಎಂದರು ಗಂಡ.

"ಹದಿನೈದು ದಿನಾ ಅಳತಿ ಮಾಡಿದ್ರಿ. ನನ್ನ ಯಾರರ ಕೇಳಿದ್ರೇನು?"

ಇಮಾಮಸಾಬರು ಆ ಮನೆಯಲ್ಲೇ ಹುಟ್ಟಿದವರು. ಆದರೆ ಹಗಲೆಲ್ಲ ಅಂಗಡಿಯಲ್ಲಿ ಕಳೆದು, ಹಗೇವು ಎಲ್ಲಿತ್ತೆಂಬುದೇ ಅವರಿಗೆ ಮರೆತುಹೋಗಿತ್ತು. ಆ ಹಿತ್ತಲನ್ನು ನಲವತ್ತು ವರ್ಷ ಗುಡಿಸಿದವರು ಹಸೀನಾಬಿ.

ಹಗೇವಿನ ಬಾಯಿ ತೆರೆಸಿ, ಕೆಟ್ಟ ಗಾಳಿ ಹೋಗಲೆಂದು ಒಂದು ದಿನ ಬಿಟ್ಟೆವು. ದೀಪ ಇಳಿಬಿಟ್ಟು ನೋಡಿದ ಮೇಲೆಯೇ ಆಳುಗಳನ್ನು ಇಳಿಸಿದ್ದು. ಎಂಟಡಿ ಆಳದ ಬೂದಿಯೆಲ್ಲ ಹೊರಬಂತು. ತಳದಿಂದ ಗರಸು ತುಂಬಿ ಬಡಿಸಿದೆವು. ಈ ಸಲ ಕೊಳ ಕಂಠಮಟ್ಟ ತುಂಬಿ ಎರಡು ದಿನ ನಿಂತರೂ ನೂಲಿನಷ್ಟೂ ಅಲುಗಲಿಲ್ಲ.

ಹಸೀನಾಬಿ ಇಳಿಯುವ ದಿನ ನನ್ನ ಹೆಂಡತಿ ಜೊತೆಗೆ ಹೋದಳು. ನಾನು ಗೋಡೆಯ ಈಚೆ ನಿಂತೆ. ಹಲಗೆಯ ಮೆಟ್ಟಿಲು ನೋಡಿ ಅವರು ಅಳುವುದು ಕೇಳಿಸಿತು. ಆಮೇಲೆ ನೀರಿನ ಸಪ್ಪಳ: ಇಮಾಮಸಾಬರು ಅಂಗಿ ಪೈಜಾಮದಲ್ಲೇ ಮೊದಲು ಇಳಿದಿದ್ದರು.

"ಕೈ ಬಿಟ್ಟೀರಿ ಮತ್ತ."

"ಬಿಡಂಗಿಲ್ಲ, ಬಾ."

ಹಲಗೆಯ ಮೆಟ್ಟಿಲು ಒಂದೊಂದಾಗಿ ಕಿರುಗುಟ್ಟಿತು. ಕೊನೆಗೆ ಹಸೀನಾಬಿಯ ದನಿ: "ಕಾಲು ಹತ್ತಿತ್ರಿ... ನೆಲ ಗಟ್ಟಿ ಐತಿ." ಇಮಾಮಸಾಬರು ಹೆಜ್ಜೆ ಎಣಿಸತೊಡಗಿದರು. ನಾಲ್ಕಕ್ಕೆ ಅವರ ಎಣಿಕೆ ನಿಂತಿತು. ಐದನೆಯದನ್ನು ಹಸೀನಾಬಿಯೇ ಎಣಿಸಿದರು.

ನಿವೃತ್ತಿಯವರೆಗೂ ಯಾವ ಊರಿಗೆ ಹೋದರೂ, ಅಳತೆಯ ಪೈಪು ಬಿಚ್ಚುವ ಮೊದಲು ಆ ಜಾಗ ಗುಡಿಸುವವರು ಯಾರೆಂದು ವಿಚಾರಿಸಿ, ಅವರೆದುರು ಕುಳಿತು ಮಾತಾಡಿಸಿದ್ದೇನೆ. ನೆಲ ಓದುವುದನ್ನು ಕಾಲೇಜು ಕಲಿಸಿತ್ತು. ಕೇಳುವುದನ್ನು ಕಲಿಸಿದವರು ಹಸೀನಾಬಿ.