ಥಟ್ಟನೆ ತೆರೆದ ಪುಟ

ಚಳ್ಳಕೆರೆ ಬಸ್‌ ನಿಲ್ದಾಣದ ಎದುರು ಅಂಗಡಿ ಇಟ್ಟುಕೊಂಡು ವೆಬ್‌ಸೈಟ್ ಮಾಡಿಕೊಡುತ್ತಿದ್ದ ನನ್ನ ಪರಿಚಯದವರೊಬ್ಬರು ಯಾರನ್ನೂ ಅನುಮಾನಿಸದೆ ಬಿಟ್ಟವರಲ್ಲ. ಪುಟ ತೆರೆದುಕೊಳ್ಳುವವರೆಗೆ ಮೇಜಿನ ಮೇಲೆ ಬೆರಳು ಬಡಿಯುತ್ತ, "ಸುಮ್ನೆ ಏನೂ ನಿಧಾನ ಆಗಲ್ಲ ರೀ, ಒಳಗೆ ಏನೋ ಐತೆ" ಎನ್ನುವರು. ಸರ್ಕಾರಿ ವೆಬ್‌ಸೈಟ್ ಸ್ವಲ್ಪ ತಡವರಿಸಿದರೂ ಅವರಿಗೆ ಹಗರಣದ ವಾಸನೆ.

ಅವರೇ ಮಾಡಿಕೊಟ್ಟಿದ್ದ, ತಾಲ್ಲೂಕಿನ ಮುಖಂಡರೊಬ್ಬರ ವೆಬ್‌ಸೈಟ್ ಮಾತ್ರ ಎತ್ತಿನಗಾಡಿಯಂತೆ ತೆವಳುತ್ತಿತ್ತು. ಅದರ ತುಂಬ ಫೋಟೊ. ಒಬ್ಬ ಗುತ್ತಿಗೆದಾರ ಮುಖಂಡರಿಗೆ ಮೊಳಕಾಲ್ಮೂರಿನ ರೇಷ್ಮೆ ಶಾಲು ಹೊದಿಸುತ್ತಿರುವವೇ ಹೆಚ್ಚು. "ಫೋಟೊ ಕಡ್ಮಿ ಮಾಡ್ರಿ ಅಂದ್ರೆ ಸಾಹೇಬ್ರು ಒಪ್ಪಲ್ಲ" ಎಂದು ಗೊಣಗುವರು.

ಒಂದು ಬೆಳಿಗ್ಗೆ, ಕೊಳವೆಬಾವಿ ಹಗರಣದಲ್ಲಿ ಆ ಗುತ್ತಿಗೆದಾರನನ್ನು ಪೊಲೀಸರು ಹಿಡಿದರೆಂದು ಟಿವಿಯಲ್ಲಿ ಬಂತು. ನಾನು ಅವರ ಅಂಗಡಿಗೆ ಹೋಗಿ, ಅವರೆದುರೇ ಮೊಬೈಲ್‌ನಲ್ಲಿ ಮುಖಂಡರ ವೆಬ್‌ಸೈಟ್ ಲಿಂಕ್ ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು. ಗುತ್ತಿಗೆದಾರನ ಒಂದು ಫೋಟೊವೂ ಇರಲಿಲ್ಲ.

"ಸುಮ್ನೆ ಏನೂ ಜೋರಾಗಲ್ಲ, ಅಲ್ವೇನ್ರೀ?" ಎಂದೆ.

"ಯಾರೋ ಒಳಗೆ ಹೋಗಿ ತೆಗ್ದಿರ್ತಾರೆ, ಬಿಡ್ರಿ."

"ಪಾಸ್‌ವರ್ಡ್ ನಿಮ್ಮತ್ರ ಬಿಟ್ರೆ ಇನ್ಯಾರತ್ರ ಐತ್ರಿ?"

ಅವರ ಬೆರಳುಗಳು ಮೇಜಿನ ಮೇಲೆ ಬಡಿಯತೊಡಗಿದವು. ಪುಟ ಆಗಲೇ ತೆರೆದಿತ್ತು.